ಮೊಲದ ಮೈ ತೊಳೆಯುವ ಮುನ್ನ

ಮೊಲ ಸಾಕಿದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ: “ಡಾಕ್ಟರೇ, ಇದಕ್ಕೆ ವಾರಕ್ಕೆ ಎಷ್ಟು ಸಲ ಸ್ನಾನ ಮಾಡಿಸಬೇಕು?”

ನಾನು ಪಶುವೈದ್ಯ. ನನ್ನ ವೃತ್ತಿಯ ಬಹುಭಾಗ ಕಳೆದದ್ದು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಹಸು ಎಮ್ಮೆಗಳ ನಡುವೆ. ನಿವೃತ್ತನಾಗಿ ಪೇಟೆಯಲ್ಲಿ ನೆಲೆಸಿದ ಮೇಲೆ, ಕೊಟ್ಟಿಗೆಯ ಪ್ರಾಣಿಗಳಿಗೆ ಬದಲಾಗಿ ಪಡಸಾಲೆಯ ಪ್ರಾಣಿಗಳು ನನ್ನ ಬಾಗಿಲಿಗೆ ಬರತೊಡಗಿದವು. ಅವುಗಳಲ್ಲಿ ಮೊಲಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹುಟ್ಟುಹಬ್ಬಕ್ಕೆಂದು ಮಗುವಿನ ಕೈಗೆ ಕೊಟ್ಟ ಬಿಳಿಯ ಮುದ್ದೆ ಆರು ತಿಂಗಳಲ್ಲಿ ಬೆಳೆದು, ಮೈಯೆಲ್ಲ ಕೊಳೆಯಾಗಿ, ಮನೆಯವರ ಮೂಗಿಗೆ ಬೇಡವಾದಾಗ ನನ್ನ ನೆನಪಾಗುತ್ತದೆ.

ಸ್ನಾನದ ಪ್ರಶ್ನೆ ಸಹಜವಾದದ್ದೇ. ನಮ್ಮದು ನೀರನ್ನು ನಂಬಿದ ನಾಡು. ದೇವರಿಗೆ ಅಭಿಷೇಕ, ಹಬ್ಬಕ್ಕೆ ಅಭ್ಯಂಜನ, ಗೋಪೂಜೆಯ ದಿನ ದನಕರುಗಳಿಗೆ ಮಜ್ಜನ. ಎಮ್ಮೆಯಂತೂ ಕರೆಯದೆಯೇ ಕೆರೆಗಿಳಿಯುತ್ತದೆ. ಕೊಳೆ ಎಂದರೆ ನೀರು, ನೀರೆಂದರೆ ಶುದ್ಧಿ ಎಂಬ ಭಾವನೆ ನಮಗೆ ಉಸಿರಾಟದಷ್ಟು ರೂಢಿಯಾಗಿದೆ. ಆದ್ದರಿಂದ “ಒಮ್ಮೆಯೂ ಬೇಡ” ಎಂದು ನಾನು ಹೇಳಿದಾಗ ಎದುರಿಗಿದ್ದವರ ಮುಖದಲ್ಲಿ ಸಂಶಯ ಮೂಡುವುದನ್ನು ಕಾಣುತ್ತೇನೆ. ಈ ಮುದುಕನಿಗೆ ಹಸುಗಳ ವಿಷಯವಷ್ಟೇ ಗೊತ್ತಿರಬೇಕು ಎಂದು ಅವರು ಅಂದುಕೊಂಡರೆ ನಾನು ಬೇಸರಿಸುವುದಿಲ್ಲ.

ಮೊಲದ ತುಪ್ಪಳವನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಮೇಲೆ ಉದ್ದನೆಯ ಕೂದಲು, ಅದರಡಿ ಹತ್ತಿಯಂಥ ದಟ್ಟವಾದ ಒಳಪದರ ಕಾಣುತ್ತದೆ. ಈ ಒಳಪದರ ನೀರನ್ನು ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. ಹೊರಗೆ ಒಣಗಿದಂತೆ ತೋರಿದರೂ ಚರ್ಮ ಗಂಟೆಗಟ್ಟಲೆ ತಣ್ಣಗೆ, ಹಸಿಯಾಗಿ ಉಳಿಯುತ್ತದೆ. ನಮ್ಮ ಮಳೆಗಾಲದಲ್ಲಿ, ಹಗ್ಗದ ಮೇಲಿನ ಪಂಚೆಯೇ ಎರಡು ದಿನವಾದರೂ ಒಣಗದಿರುವಾಗ, ತೋಯ್ದ ಮೊಲದ ಪಾಡನ್ನು ಊಹಿಸಿಕೊಳ್ಳಿ. ಮೈಯ ಶಾಖ ಇಳಿದು ಅದು ಸಾಯಬಹುದು. ಇದಕ್ಕಿಂತ ಹೆಚ್ಚಿನ ಅಪಾಯ ಭಯದ್ದು. ಮೊಲದ ಅಸ್ಥಿಪಂಜರ ಅದರ ಮೈತೂಕದ ಶೇಕಡಾ 7–8ರಷ್ಟು ಮಾತ್ರ. ಹಿಂಗಾಲುಗಳ ಸ್ನಾಯುಗಳೋ ಬಲು ಬಲವಾದವು. ಬಕೆಟ್ಟಿನಲ್ಲಿ ಅದುಮಿ ಹಿಡಿದಾಗ ಅದು ಪ್ರಾಣಭಯದಿಂದ ಒದೆದರೆ, ತನ್ನ ಬಲಕ್ಕೆ ತನ್ನದೇ ಬೆನ್ನುಮೂಳೆ ಮುರಿಯುತ್ತದೆ. ಹೀಗೆ ಹಿಂಗಾಲು ಸೋತ ಮೊಲವನ್ನು ಬಚ್ಚಲಮನೆಯಿಂದ ನೇರವಾಗಿ ನನ್ನ ಮನೆಗೆ ಎತ್ತಿಕೊಂಡು ಬಂದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ವೈದ್ಯನಿಂದ ಆಗುವ ಉಪಕಾರ ಬಹಳ ಕಡಿಮೆ.

ಹಾಗಾದರೆ ಮೊಲ ಶುಚಿಯಾಗಿರುವುದು ಹೇಗೆ? ತನ್ನನ್ನು ತಾನೇ ಶುಚಿ ಮಾಡಿಕೊಂಡು. ಸಾಹಿತ್ಯಾಸಕ್ತರಿಗೆ ಇಲ್ಲಿ ಒಬ್ಬ ಕವಿಯನ್ನು ನೆನಪಿಸಬಹುದು. 18ನೆಯ ಶತಮಾನದ ಇಂಗ್ಲಿಷ್ ಕವಿ ವಿಲಿಯಂ ಕೂಪರ್ ತೀವ್ರವಾದ ಮನೋವ್ಯಥೆಯಿಂದ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ, 1774ರ ಸುಮಾರಿಗೆ, ಓಲ್ನಿ ಎಂಬ ಊರಿನಲ್ಲಿ ಮೂರು ಮೊಲಗಳನ್ನು ಸಾಕಿದನು. ಅವು ಕಾಡುಮೊಲಗಳು, ನಾವು ಮನೆಯಲ್ಲಿ ಸಾಕುವ, ಸ್ಪೇನ್–ಪೋರ್ಚುಗಲ್ ಕಡೆಯ ಬಿಲದ ಮೊಲಗಳ ಜಾತಿಯಲ್ಲ. ಕನ್ನಡದಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರಿರುವುದರಿಂದ ಈ ವ್ಯತ್ಯಾಸ ನಮ್ಮ ಗಮನಕ್ಕೆ ಬರುವುದಿಲ್ಲ. ಕೂಪರ್ ಅವುಗಳ ವಿಷಯವಾಗಿ ಬರೆದ ಪತ್ರ 1784ರಲ್ಲಿ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಯಿಲೆ ಬಿದ್ದ ಮೊಲವೊಂದನ್ನು ತಾನು ಆರೈಕೆ ಮಾಡಿದಾಗ, ಅದು ಗುಣವಾದ ಮೇಲೆ ತನ್ನ ಕೈಯ ಹಿಂಬದಿಯನ್ನು, ಅಂಗೈಯನ್ನು, ಬಳಿಕ ಒಂದೊಂದೇ ಬೆರಳನ್ನು ನೆಕ್ಕಿದ ಬಗೆಯನ್ನು ಅವನು ಅದರಲ್ಲಿ ಹೇಳುತ್ತಾನೆ. ಮೊಲಗಳಿಗೆ ದುರ್ವಾಸನೆ ಇಲ್ಲ, ಮೈಯನ್ನು ಶುಚಿಯಾಗಿಡಲು ಅವು ದಣಿಯದೆ ದುಡಿಯುತ್ತವೆ, ಅದಕ್ಕಾಗಿಯೇ ನಿಸರ್ಗ ಅವುಗಳ ಪ್ರತಿಯೊಂದು ಪಾದದಡಿ ಒಂದು ಕುಂಚವನ್ನಿಟ್ಟಿದೆ ಎಂಬುದು ಅವನ ಮತ್ತೊಂದು ಮಾತು. ಕವಿಯ ಈ ಅವಲೋಕನವನ್ನು ಪಶುವೈದ್ಯನಾಗಿ ನಾನು ಅನುಮೋದಿಸುತ್ತೇನೆ. ಮೊಲಗಳಿಗೆ ಹೇನು ನುಸಿಗಳ ಕಾಟವೇ ಇಲ್ಲವೆಂದು ಅವನು ಸೇರಿಸಿದ್ದನ್ನು ಮಾತ್ರ ಒಪ್ಪಲಾರೆ. ಅವನ ಮೊಲಗಳು ಪುಣ್ಯವಂತ ಮೊಲಗಳಾಗಿದ್ದಿರಬೇಕು.

ಮೊಲ ತಾನಾಗಿ ಶುಚಿಯಾಗಿರುವ ಪ್ರಾಣಿ ಎಂದ ಮೇಲೆ, ಅದು ಕೊಳೆಯಾಗಿದೆ ಎಂದರೆ ಏನರ್ಥ? ತನ್ನ ಮೈಯನ್ನು ನೋಡಿಕೊಳ್ಳಲು ಅದಕ್ಕೆ ಆಗುತ್ತಿಲ್ಲ ಎಂದರ್ಥ. ಏಕೆ ಆಗುತ್ತಿಲ್ಲ ಎಂದು ಹುಡುಕುವುದು ಬಿಟ್ಟು ಸೋಪು ಹುಡುಕಿದರೆ, ಜ್ವರ ಬಂದವನ ಹಣೆಯ ಬೆವರನ್ನು ಒರೆಸಿ ಮನೆಗೆ ಕಳುಹಿಸಿದಂತೆ.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಬೇಸಗೆಯ ಒಂದು ಸಂಜೆ ತಾಯಿ ಮಗಳಿಬ್ಬರು ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ಪೆಟ್ಟಿಗೆ ಜಗಲಿಗೆ ಬರುವ ಮೊದಲೇ ವಾಸನೆ ಬಂದಿತ್ತು. ಒಳಗೆ ದಪ್ಪನೆಯ ಬಿಳಿಯ ಮೊಲ. ಹಿಂಭಾಗದ ತುಪ್ಪಳವೆಲ್ಲ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗಿ, ಹಳದಿ ಬಣ್ಣಕ್ಕೆ ತಿರುಗಿತ್ತು. “ಮೂರು ಸಲ ಶಾಂಪೂ ಹಾಕಿ ತೊಳೆದೆ ಡಾಕ್ಟ್ರೇ, ಎರಡು ದಿನಕ್ಕೆ ಮತ್ತೆ ಹೀಗೇ. ನನ್ನ ಕೈಲಾಗಲ್ಲ. ಕಾಡಿಗೆ ಬಿಟ್ಟು ಬಂದ್ಬಿಡ್ತೀವಿ” ಎಂದರು ತಾಯಿ. ಹುಡುಗಿ ಏಳನೆಯ ತರಗತಿಯವಳು. ಅವಳು ಏನೂ ಮಾತಾಡಲಿಲ್ಲ. ಪೆಟ್ಟಿಗೆಯ ಅಂಚನ್ನು ಮಾತ್ರ ಬಿಡಲಿಲ್ಲ.

ಕಾಡಿಗೆ ಬಿಡುವುದೆಂದರೆ ಆ ಮೊಲಕ್ಕೆ ಒಂದು ರಾತ್ರಿಯ ಆಯುಷ್ಯ. ಬಿಳಿಯ ಬಣ್ಣ, ಬಿಲ ತೋಡಲು ತನ್ನವರಿಲ್ಲ, ನಾಯಿ ಯಾವುದು ನರಿ ಯಾವುದು ಎಂಬ ತಿಳಿವಳಿಕೆ ಇಲ್ಲ. ಅದನ್ನು ಅವರಿಗೆ ಹೇಳಿ, ಮೊಲವನ್ನು ಮೇಜಿನ ಮೇಲೆ ಟವೆಲ್ಲಿನಲ್ಲಿ ಸುತ್ತಿ ಕೂರಿಸಿ ನೋಡಿದೆ. ಬಾಲದಡಿಯ ಗಂಟಿನಲ್ಲಿ ಅಕ್ಕಿನುಚ್ಚಿನಂಥ ಬಿಳಿಯ ಕಣಗಳು ಗುಂಪಾಗಿ ಅಂಟಿದ್ದವು. ನೊಣದ ಮೊಟ್ಟೆಗಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ದನದ ಗಾಯಕ್ಕೆ ಹುಳ ಬೀಳುವುದನ್ನು ಹಳ್ಳಿಯವರೆಲ್ಲ ಬಲ್ಲರು. ಮೊಲಕ್ಕೆ ಗಾಯವೇ ಬೇಕಾಗಿಲ್ಲ. ಒದ್ದೆಯಾದ, ಮಲ ಮೆತ್ತಿದ ತುಪ್ಪಳ ಸಾಕು. ಹಸಿರು ನೀಲಿ ಹೊಳಪಿನ ನೊಣಗಳು ವಾಸನೆ ಹಿಡಿದು ಬಂದು ಮೊಟ್ಟೆಯಿಡುತ್ತವೆ. ಬಿಸಿಲುಕಾಲದಲ್ಲಿ ಮೊಟ್ಟೆಯೊಡೆದು ಹುಳ ಹೊರಬರಲು ಒಂದು ದಿನವೂ ಬೇಕಿಲ್ಲ. ಕೆಲವೊಮ್ಮೆ ಎಂಟು ಹತ್ತು ಗಂಟೆಗಳೇ ಸಾಕು. ಹುಳಗಳು ಚರ್ಮವನ್ನು ತಿಂದು ಒಳಗಿಳಿಯುತ್ತವೆ. ಮೊಲ ಕಿರುಚುವುದಿಲ್ಲ, ನರಳುವುದಿಲ್ಲ. ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಮನೆಯವರು “ಪಾಪ, ಶೆಕೆಗೆ ಸುಸ್ತಾಗಿದೆ” ಎಂದುಕೊಳ್ಳುತ್ತಾರೆ. ಮರುದಿನ ಅದು ಬದುಕಿರುವುದಿಲ್ಲ. ಇಂಗ್ಲೆಂಡಿನಂಥ ಶೀತದೇಶದಲ್ಲಿ ಇದು ಹೆಚ್ಚಾಗಿ ಬೇಸಗೆಯ ಕಾಟ. ನಮ್ಮಲ್ಲಿ ನೊಣವಿಲ್ಲದ ತಿಂಗಳು ಯಾವುದಿದೆ? ಆದ್ದರಿಂದಲೇ ಮೊಲವಿರುವ ಮನೆಯಲ್ಲಿ ದಿನಕ್ಕೊಮ್ಮೆಯಾದರೂ, ಮಳೆಗಾಲ ಬೇಸಗೆಗಳಲ್ಲಿ ಎರಡು ಸಲ, ಅದರ ಬಾಲದಡಿಯನ್ನು ನೋಡಬೇಕೆಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ. ಹುಳ ಕಂಡರೆ ಮನೆಮದ್ದಿನ ಮಾತೇ ಇಲ್ಲ. ಆ ಗಳಿಗೆಯಲ್ಲೇ ವೈದ್ಯರ ಬಳಿ ಹೊರಡಬೇಕು.

ಆ ಹುಡುಗಿಯ ಮೊಲಕ್ಕೆ ಇನ್ನೂ ಹುಳವಾಗಿರಲಿಲ್ಲ. ಮೊಂಡುತುದಿಯ ಕತ್ತರಿಯಿಂದ ಗಂಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿದೆ. ಮೊಲದ ಚರ್ಮ ತೆಳ್ಳನೆಯ ಕಾಗದದಂತೆ. ಗಂಟನ್ನು ಎಳೆದು ಹಿಡಿದರೆ ಚರ್ಮವೂ ಅದರೊಡನೆ ಮೇಲೆದ್ದು ಕತ್ತರಿಗೆ ಸಿಕ್ಕುತ್ತದೆ. ಉಳಿದ ಮೊಟ್ಟೆಗಳನ್ನು ಸೀರಣಿಗೆಯಿಂದ ಬಾಚಿ ತೆಗೆದೆವು. ನಮ್ಮ ಅಜ್ಜಿಯರು ಹೇನು ತೆಗೆಯಲು ಬಳಸುತ್ತಿದ್ದ ಆ ಸಲಕರಣೆಗೆ ಸಮನಾದದ್ದು ಪೇಟೆಯ ಯಾವ ದುಬಾರಿ ಅಂಗಡಿಯಲ್ಲೂ ನನಗೆ ದೊರೆತಿಲ್ಲ. ಬಳಿಕ ಎರಡು ಅಂಗುಲ ಉಗುರುಬೆಚ್ಚಗಿನ ನೀರಿರುವ ಅಗಲವಾದ ಬೋಗುಣಿಯಲ್ಲಿ ಹಿಂಭಾಗವನ್ನಷ್ಟೇ ಇಟ್ಟು, ಸೋಪಿಲ್ಲದೆ, ಕೈಯಿಂದ ಮೆಲ್ಲಗೆ ತೊಳೆದು, ಮೂರು ಒಣ ಬಟ್ಟೆಗಳಿಂದ ಒಂದಾದ ಮೇಲೊಂದರಂತೆ ಒತ್ತಿ ಒಣಗಿಸಿದೆವು. ಹೊಟ್ಟೆ ಬೆನ್ನುಗಳಿಗೆ ನೀರು ಮುಟ್ಟಿಸಲಿಲ್ಲ. ಮೊಲದ ಮುಂಭಾಗವನ್ನು ಹಿಡಿದುಕೊಂಡವಳು ಹುಡುಗಿ. ಅವಳ ಕೈ ನಡುಗಲಿಲ್ಲ. ಇನ್ನು ಒಣಗಿ ಅಂಟಿದ ಅಲ್ಪಸ್ವಲ್ಪ ಕೊಳೆಗೆ ನೀರೂ ಬೇಡ. ಅಡುಗೆಮನೆಯ ಕಾರ್ನ್‌ಫ್ಲೋರನ್ನು ಉದುರಿಸಿ, ಬೆರಳಿನಿಂದ ಬಿಡಿಸಿ, ಬಾಚಿದರೆ ಸಾಕು. ಮುಖಕ್ಕೆ ಹಚ್ಚುವ ಪೌಡರು ಬೇಡ, ಅದು ಅದರ ಶ್ವಾಸಕ್ಕೆ ಒಳ್ಳೆಯದಲ್ಲ.

ಅಷ್ಟಾದ ಮೇಲೆ ನಾನು ಕೇಳಿದೆ: “ಇದಕ್ಕೆ ತಿನ್ನಲು ಏನು ಕೊಡುತ್ತೀರಿ?” ಬಿಸ್ಕತ್ತು, ಬ್ರೆಡ್ಡು, ರಾತ್ರಿಯ ಚಪಾತಿ, ಬಾಳೆಹಣ್ಣು, ಬೇಕಾದಷ್ಟು ಕ್ಯಾರೆಟ್ಟು. ಹುಲ್ಲು? ಮಾರಿದವನು ಹುಲ್ಲಿನ ಮಾತೇ ಎತ್ತಿರಲಿಲ್ಲವಂತೆ. ನೀರು? “ನೀರು ಕೊಟ್ಟರೆ ಮೊಲ ಸಾಯುತ್ತದೆ ಎಂದ.” ಈ ಸುಳ್ಳನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮೊಲಕ್ಕೆ ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ 50ರಿಂದ 150 ಮಿಲಿಲೀಟರಿನಷ್ಟು ನೀರು ಬೇಕು. ಮಣ್ಣಿನ ಭಾರವಾದ ಬಟ್ಟಲಿನಲ್ಲಿ ಅದು ಸದಾ ಇರಬೇಕು.

ಊಟಕ್ಕೂ ಹಿಂಭಾಗದ ಕೊಳೆಗೂ ಏನು ಸಂಬಂಧವೆಂದು ತಾಯಿ ಕೇಳಿದರು. ಸಂಬಂಧವೆಲ್ಲ ಅಲ್ಲಿಯೇ ಇದೆ. ಈಗ ಹೇಳುವುದನ್ನು ಕೇಳಿ ಶ್ರೋತೃಗಳು ಮುಖ ಸಿಂಡರಿಸಬಾರದು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವು ಕಾಣುವ ದುಂಡನೆಯ, ಒಣ ಗುಳಿಗೆ. ಇನ್ನೊಂದು ಮೃದುವಾದದ್ದು, ಸಣ್ಣ ದ್ರಾಕ್ಷಿಗೊಂಚಲಿನಂತೆ ಒಟ್ಟುಗೂಡಿ ಹೊಳೆಯುವಂಥದು. ಹೆಚ್ಚಾಗಿ ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ ಬರುವ ಇದನ್ನು ಮೊಲ ನೆಲಕ್ಕೆ ಬೀಳಗೊಡದೆ ನೇರವಾಗಿ ಬಾಯಿಯಿಂದ ತೆಗೆದುಕೊಂಡು ನುಂಗುತ್ತದೆ. ಹಸು ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲ್ಲುವುದನ್ನು ನಾವು ಧ್ಯಾನಕ್ಕೆ ಹೋಲಿಸುತ್ತೇವೆ. ಮೊಲ ಮಾಡುವುದೂ ಅದೇ ಕೆಲಸ. ದಾರಿ ಮಾತ್ರ ಬೇರೆ. ಹುಲ್ಲಿನ ನಾರು ಅದರ ಕರುಳಿನ ದೊಡ್ಡ ಚೀಲವೊಂದರಲ್ಲಿ ಹುದುಗಿ, ಜೀವಸತ್ತ್ವಗಳಿಂದ ತುಂಬಿ, ಹೀಗೆ ಎರಡನೆಯ ಸಲ ದೇಹಕ್ಕೆ ಸೇರುತ್ತದೆ.

ಈಗ ಆ ಬಿಳಿಯ ಮೊಲವನ್ನು ನೆನೆಯಿರಿ. ಹಿಟ್ಟು ಸಕ್ಕರೆಗಳಿಂದ ಅದರ ಕರುಳಿನ ಹುದುಗು ಕೆಟ್ಟು ಮೃದು ಹಿಕ್ಕೆ ಅಂಟಂಟಾಗುತ್ತದೆ. ಅದೇ ಊಟದಿಂದ ಮೈ ಬೆಳೆದು, ಬಾಯಿಯನ್ನು ಹಿಂಭಾಗದವರೆಗೆ ಬಾಗಿಸಲು ಹೊಟ್ಟೆ ಅಡ್ಡ ಬರುತ್ತದೆ. ಕೂತಲ್ಲಿಯೇ ಹಿಕ್ಕೆ ಮೆತ್ತಿಕೊಳ್ಳುತ್ತದೆ. ಮೂರು ಸಲವಲ್ಲ, ಮೂವತ್ತು ಸಲ ತೊಳೆದರೂ ಎರಡು ದಿನಕ್ಕೆ ಮತ್ತೆ ಹಾಗೆಯೇ ಆಗುವುದು ಇದರಿಂದ.

ಮದ್ದು ಹುಲ್ಲು. ಊಟದ ಹತ್ತರಲ್ಲಿ ಎಂಟು ಭಾಗ ಹುಲ್ಲೇ ಇರಬೇಕು. ವಿದೇಶಿ ಹುಲ್ಲಿನ ಪೊಟ್ಟಣಗಳು ಇಂದು ಪೇಟೆಯಲ್ಲಿ ದೊರೆಯುತ್ತವೆ, ಕೊಳ್ಳಲು ಶಕ್ತಿಯಿದ್ದವರು ಕೊಳ್ಳಲಿ. ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೂ ಪ್ರಸಾದವೇ. ನಾಯಿ ತಿರುಗದ, ಔಷಧಿ ಸಿಂಪಡಿಸದ ಜಾಗದಿಂದ ತಂದು, ನೆರಳಿನಲ್ಲಿ ಒಣಗಿಸಿ ಮಳೆಗಾಲಕ್ಕೆ ಕೂಡಿಟ್ಟುಕೊಳ್ಳಬಹುದು. ಗಿನಿ ಹುಲ್ಲೂ ಆಗುತ್ತದೆ. ಬರಿಯ ಭತ್ತದ ಹುಲ್ಲಿನಲ್ಲಿ ಸತ್ತ್ವ ಕಡಿಮೆ. ಅದು ಹಾಸಿಗೆಗೆ ಸರಿ. ಕುದುರೆಮೆಂತ್ಯ ಮರಿಗಳಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ಅದರ ಸುಣ್ಣದಂಶ ಅತಿಯಾಗಿ ಮೂತ್ರ ಕೆಸರಿನಂತಾಗುತ್ತದೆ. ಒಂದಿಷ್ಟು ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ಇರಲಿ. ಕ್ಯಾರೆಟ್ಟು ಒಂದು ಬಿಲ್ಲೆಯಷ್ಟು ಸಾಕು, ಅದು ಮೊಲದ ಪಾಲಿಗೆ ಮಿಠಾಯಿ. ಇಂಥ ಬದಲಾವಣೆಯನ್ನು ಒಮ್ಮೆಲೇ ಮಾಡದೆ ಹತ್ತು ಹನ್ನೆರಡು ದಿನಗಳಲ್ಲಿ ನಿಧಾನವಾಗಿ ಮಾಡಬೇಕು. ಹುಲ್ಲಿನಿಂದ ಇನ್ನೊಂದು ಉಪಕಾರವೂ ಉಂಟು. ಮೊಲದ ಹಲ್ಲುಗಳು ಬಾಳೆಲ್ಲ ಬೆಳೆಯುತ್ತಲೇ ಇರುತ್ತವೆ, ಮುಂದಿನ ಹಲ್ಲುಗಳು ವಾರಕ್ಕೆ 2–3 ಮಿಲಿಮೀಟರು. ಹುಲ್ಲು ಅರೆಯುವುದರಿಂದಲೇ ಅವು ಸವೆಯಬೇಕು. ಸವೆಯದೆ ಕೊಂಕಿದರೆ ಜೊಲ್ಲು ಸುರಿದು ಗಲ್ಲ, ಗಂಗೆದೊಗಲು ಒದ್ದೆಯಾಗಿ ಹುಣ್ಣಾಗುತ್ತದೆ. ನೋವಿನಿಂದ ಅದು ಮೈ ನೆಕ್ಕುವುದನ್ನೇ ಬಿಡುತ್ತದೆ. ಗಲ್ಲ ಸದಾ ಒದ್ದೆಯಾಗಿದ್ದರೆ ಒರೆಸುತ್ತಾ ಕೂರದೆ ಹಲ್ಲು ತೋರಿಸಬೇಕು.

ಐದು ವಾರಗಳ ಬಳಿಕ ಅದೇ ತಾಯಿ ಮಗಳು ಬಂದರು. ಮೊಲ ಇಳಿದಿತ್ತು, ಬಾಲದಡಿ ಹೊಸ ತುಪ್ಪಳ ಮೂಡಿತ್ತು. ವಾಸನೆ ಇರಲಿಲ್ಲ. “ಈಗ ತೊಳೆಯೋದೇ ಬೇಕಾಗ್ತಿಲ್ಲ” ಎಂದು ತಾಯಿ ಹೇಳಿದ ರೀತಿಯಲ್ಲಿ, ಏನನ್ನೋ ಕಳೆದುಕೊಂಡ ಅಸಮಾಧಾನವೂ ಸ್ವಲ್ಪ ಇದ್ದಂತೆ ನನಗೆ ತೋರಿತು.

ಬಾಚುವುದರ ವಿಷಯ ಹೇಳಬೇಕು. ಮೊಲ ವರ್ಷದಲ್ಲಿ ಹಲವು ಸಲ ಕೂದಲು ಉದುರಿಸುತ್ತದೆ. ನೆಕ್ಕಿದ ಕೂದಲು ಹೊಟ್ಟೆಗೆ ಹೋಗುತ್ತದೆ. ಬೆಕ್ಕು ಅದನ್ನು ಕಾರಿಕೊಳ್ಳಬಲ್ಲದು. ಮೊಲಕ್ಕೆ ವಾಂತಿಯೇ ಇಲ್ಲ. ಹುಲ್ಲು ತಿನ್ನುವ ಮೊಲದಲ್ಲಿ ಅದು ಹಿಕ್ಕೆಯೊಡನೆ ಹೊರಬೀಳುತ್ತದೆ, ಹುಲ್ಲಿಲ್ಲದ ಮೊಲದಲ್ಲಿ ಕರುಳಿನ ಚಲನೆ ನಿಂತು ಗಟ್ಟಿಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಕೂದಲುದುರುವ ದಿನಗಳಲ್ಲಿ ನಿತ್ಯವೂ, ಮೃದುವಾದ ಬ್ರಷ್ಷಿನಿಂದ ಕೂದಲು ಬೆಳೆದ ದಿಕ್ಕಿಗೇ ಬಾಚಬೇಕು. ಒದ್ದೆ ಕೈಯಿಂದ ಸವರಿದರೂ ಬಹಳಷ್ಟು ಕೂದಲು ಬರುತ್ತದೆ. ಅರ್ಧ ದಿನ ಮೊಲ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಉದ್ದ ಕೂದಲಿನ ಅಂಗೋರಾ ಮೊಲಗಳನ್ನು ನಮ್ಮ ಊರುಗಳಲ್ಲಿ ಸಾಕುವುದು ನನಗೆ ಸರಿತೋರುವುದಿಲ್ಲ. ಉಣ್ಣೆಗಾಗಿ ರೂಪಿಸಿದ ಆ ತಳಿಯ ಕೂದಲನ್ನು ಮೂರು ತಿಂಗಳಿಗೊಮ್ಮೆಯಂತೆ ಕತ್ತರಿಸಬೇಕು. ಕುಲುವಿನ ಚಳಿ ಅದಕ್ಕೆ ಒಗ್ಗಬಹುದು, ನಮ್ಮ ಏಪ್ರಿಲ್ ಒಗ್ಗದು. ಮೂವತ್ತು ಡಿಗ್ರಿ ದಾಟಿದರೆ ಸಾಧಾರಣ ಮೊಲವೇ ಬಳಲುತ್ತದೆ.

ಬಾಚುವಾಗ ಕೆಲವರು ಮೊಲವನ್ನು ಅಂಗಾತ ಮಲಗಿಸುತ್ತಾರೆ. ಅದು ಕಣ್ಣರಳಿಸಿ ನಿಶ್ಚಲವಾಗುತ್ತದೆ. “ನೋಡಿ, ಎಷ್ಟು ಹಾಯಾಗಿದೆ” ಎನ್ನುತ್ತಾರೆ. ಅದು ಹಾಯಲ್ಲ. ಹದ್ದಿನ ಉಗುರಿಗೆ ಸಿಕ್ಕ ಪ್ರಾಣಿ ಸತ್ತಂತೆ ಬಿದ್ದುಕೊಳ್ಳುವ ಸ್ಥಿತಿ ಅದು. ನೆಲದ ಮೇಲೆ ಕುಳಿತು, ಮೊಲವನ್ನು ತೊಡೆಗೆ ಒರಗಿಸಿ, ಎದೆಯಡಿ ಒಂದು ಕೈ, ಹಿಂಭಾಗದಡಿ ಒಂದು ಕೈ ಇಟ್ಟರೆ ಎಲ್ಲ ಕೆಲಸವೂ ಆಗುತ್ತದೆ. ಕಿವಿ ಹಿಡಿದು ಎತ್ತುವ ಚಿತ್ರಗಳನ್ನು ಮಕ್ಕಳ ಪುಸ್ತಕಗಳಿಂದ ಕಿತ್ತುಹಾಕಬೇಕೆಂಬುದು ನನ್ನ ಬಹಳ ದಿನಗಳ ಆಸೆ.

ಕವಿ ಕೂಪರ್ ಕಂಡ ಪಾದದ ಕುಂಚಕ್ಕೆ ಮತ್ತೆ ಬರೋಣ. ನಾಯಿ ಬೆಕ್ಕುಗಳಂತೆ ಮೊಲಕ್ಕೆ ಅಂಗಾಲಿನ ಮೆತ್ತೆಯಿಲ್ಲ. ಇರುವುದು ಕೂದಲು ಮಾತ್ರ. ತಂತಿ ಜಾಲರಿಯ ಗೂಡಿನಲ್ಲಿ, ಮೂತ್ರದಿಂದ ತೊಯ್ದ ನೆಲದಲ್ಲಿ ಆ ಕೂದಲು ಸವೆದು ಹಿಮ್ಮಡಿ ಹುಣ್ಣಾಗುತ್ತದೆ. ಜಾಲರಿಯ ಮೇಲೆ ಒಂದು ಚಾಪೆಯ ತುಂಡನ್ನು ಹಾಸಿದರೂ ದೊಡ್ಡ ಉಪಕಾರ. ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುವ ಪ್ರಾಣಿ. ಆ ಮೂಲೆಯಲ್ಲಿ ಹಳೆಯ ಪತ್ರಿಕೆ ಹಾಸಿದ ತಟ್ಟೆಯಿಟ್ಟು ಮೇಲೆ ಹುಲ್ಲು ಹರಡಿದರೆ ಬೇಗ ರೂಢಿ ಮಾಡಿಕೊಳ್ಳುತ್ತದೆ. ನಿತ್ಯ ಬದಲಿಸುವ ಶ್ರಮ ನಮ್ಮದು. ಮೂತ್ರ ಕೆಲವೊಮ್ಮೆ ಕೆಂಪಾಗಿ ಕಂಡರೆ ಗಾಬರಿ ಬೇಡ, ಸೊಪ್ಪಿನ ಬಣ್ಣವಿರಬಹುದು. ತಿಣುಕುತ್ತಿದ್ದರೆ ಮಾತ್ರ ತೋರಿಸಬೇಕು. ಉಗುರನ್ನು ಐದಾರು ವಾರಕ್ಕೊಮ್ಮೆ ತುದಿಯಷ್ಟೇ ಕತ್ತರಿಸಬೇಕು. ಬಿಳಿಯ ಉಗುರಿನಲ್ಲಿ ರಕ್ತನಾಳ ಗುಲಾಬಿ ಗೆರೆಯಾಗಿ ಕಾಣುತ್ತದೆ, ಕಪ್ಪು ಉಗುರಿಗೆ ಹಿಂದಿನಿಂದ ಟಾರ್ಚು ಹಿಡಿಯಿರಿ.

ಕಿವಿಯೊಳಗೆ ಕಂದುಬಣ್ಣದ ಹೊಪ್ಪಳಿಕೆ ಪದರಪದರವಾಗಿ ಕಟ್ಟಿದ್ದರೆ ಅದು ನುಸಿ. ಕೀಳಬೇಡಿ, ವಿಪರೀತ ನೋವಾಗುತ್ತದೆ. ವೈದ್ಯರ ಔಷಧಿಯಿಂದ ತಾನಾಗಿ ಉದುರುತ್ತದೆ. ನಾಯಿಗೆಂದು ತಂದ, ಫಿಪ್ರೊನಿಲ್ ಇರುವ ಔಷಧಿಯನ್ನು ಮೊಲಕ್ಕೆ ಹಚ್ಚಿದರೆ ಅದು ವಿಷ. ಮಕ್ಕಳಿಗೆ ಕೊಟ್ಟು ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೂ ಅದರ ಕರುಳಿನ ಹುದುಗು ನಾಶವಾಗಿ ಸಾಯುತ್ತದೆ. ಔಷಧಿಯ ಕಪಾಟಿನಿಂದ ಸತ್ತ ಮೊಲಗಳನ್ನೂ ನಾನು ಕಂಡಿದ್ದೇನೆ.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಅವರ ಮೊಲಕ್ಕೆ ಒಂಬತ್ತು ವರ್ಷ. ಸೊಂಟದ ಕೀಲುಗಳು ಬಿಗಿದು, ಅದಕ್ಕೀಗ ಬಾಗಿ ತನ್ನ ಹಿಂಭಾಗವನ್ನು ಮುಟ್ಟಲಾಗುವುದಿಲ್ಲ. ಇಲ್ಲಿ ಊಟದ ತಪ್ಪಿಲ್ಲ, ವಯಸ್ಸು ಅಷ್ಟೆ. ಜೊತೆಯ ಹೆಣ್ಣುಮೊಲ ಅದರ ಹಣೆ ಕಿವಿಗಳನ್ನು ನೆಕ್ಕಿ ಶುಚಿ ಮಾಡುತ್ತದೆ, ಆದರೆ ಹಿಂಭಾಗಕ್ಕೆ ಹೋಗುವುದಿಲ್ಲ. ಆ ಕೆಲಸವನ್ನು ಶಿಕ್ಷಕಿ ವಹಿಸಿಕೊಂಡಿದ್ದಾರೆ. ಬೆಳಿಗ್ಗೆ ಕಾಫಿಗೆ ಮೊದಲು ಹಳೆಯ ಸೀರೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಒರೆಸಿ, ಇನ್ನೊಂದು ತುಂಡಿನಿಂದ ಒಣಗಿಸುತ್ತಾರೆ. ನೋವಿಗೆ ನಾನು ಬರೆದುಕೊಟ್ಟ ಔಷಧಿಯನ್ನು ಹನಿಯ ಲೆಕ್ಕದಲ್ಲಿ ಕೊಡುತ್ತಾರೆ. ಮೂತ್ರದ ತಟ್ಟೆಯ ಅಂಚು ಹತ್ತಲು ಮೊಲಕ್ಕೆ ಕಷ್ಟವಾಗುತ್ತಿದ್ದುದರಿಂದ, ಒಂದು ಬದಿಯ ಅಂಚನ್ನು ಕತ್ತರಿಸಿ ಹಾಕಿ, ಅಲ್ಲೊಂದು ಮರದ ಮಣೆಯನ್ನು ಮೆಟ್ಟಿಲಾಗಿ ಇಟ್ಟಿದ್ದಾರೆ. ಈಗ ಆ ಮಣೆಯೂ ಎತ್ತರವಾಯಿತೆಂದು, ಅದನ್ನು ಅರ್ಧ ಅಂಗುಲ ತಗ್ಗಿಸಿಕೊಡುವಂತೆ ಮೊನ್ನೆ ಬಡಗಿಯನ್ನು ಕರೆಸಿದ್ದರು.